ಲೂಸಿಯಾ (2013): ಕನಸಿನ ಕೊನೆ, ಪ್ರೇಕ್ಷಕರ ಬಂಡವಾಳ

ಲೂಸಿಯಾ ಪವನ್ ಕುಮಾರ್ ಬರೆದು ನಿರ್ದೇಶಿಸಿದ ಕನ್ನಡ ಚಲನಚಿತ್ರ. 2013ರ ಜುಲೈ 20ರಂದು ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡು ಅಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಪಡೆಯಿತು. ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದು ಅದೇ ವರ್ಷ ಸೆಪ್ಟೆಂಬರ್ 6ರಂದು. ಮುಖ್ಯ ಪಾತ್ರಗಳಲ್ಲಿ ಸತೀಶ್ ನೀನಾಸಂ, ಶ್ರುತಿ ಹರಿಹರನ್ ಮತ್ತು ಅಚ್ಯುತ್ ಕುಮಾರ್. ಸಂಗೀತ ಪೂರ್ಣಚಂದ್ರ ತೇಜಸ್ವಿ, ಛಾಯಾಗ್ರಹಣ ಸಿದ್ಧಾರ್ಥ ನುನಿ. ಇಷ್ಟರ ಬಗ್ಗೆ ಯಾರದೂ ತಕರಾರಿಲ್ಲ. ಗೊಂದಲ ಇರುವುದು ಎರಡೇ ಕಡೆ: ಇದು ಯಾವುದರಲ್ಲಿ 'ಮೊದಲನೆಯದು' ಎಂಬುದರಲ್ಲಿ, ಮತ್ತು ಇದರ ಕೊನೆಯಲ್ಲಿ ನಿಜವಾಗಿ ಏನಾಗುತ್ತದೆ ಎಂಬುದರಲ್ಲಿ.

ಕಥೆ ಶುರುವಾಗುವುದು ನಿದ್ದೆ ಬಾರದ ನಿಕ್ಕಿಯಿಂದ. ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವುದು ಅವನ ಕೆಲಸ. ಹೊಸಪೇಟೆ, ಕಂಪ್ಲಿಯಂಥ ಊರುಗಳಲ್ಲಿ ಒಂದೇ ಪರದೆಯ ಟಾಕೀಸಿನಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ಈ ಕಸುಬು ಗೊತ್ತೇ ಇರುತ್ತದೆ. ಪಿಕ್ಚರ್ ಶುರುವಾದ ಮೇಲೆ ಒಳಗೆ ಬಂದವರ ಕಾಲಬುಡಕ್ಕೆ ಮೊದಲು ಬೆಳಕು, ಆಮೇಲೆ ಮೆಟ್ಟಿಲಿಗೆ, ಆಮೇಲೆ ಸಾಲಿನ ತುದಿಯ ಖಾಲಿ ಕುರ್ಚಿಗೆ. ಎಲ್ಲರೂ ಪರದೆ ನೋಡುತ್ತಿರುವಾಗ ಪರದೆಗೆ ಬೆನ್ನು ಹಾಕಿ ನಿಲ್ಲುವವನು ಅವನೊಬ್ಬನೇ. ಇಂಥ ಹುಡುಗನ ಕೈಗೆ 'ಲೂಸಿಯಾ' ಎಂಬ ಮಾತ್ರೆ ಸಿಗುತ್ತದೆ. ನುಂಗಿ ಮಲಗಿದರೆ ಬೇಕಾದ ಬದುಕೇ ಕನಸಾಗಿ ಬರುತ್ತದೆ. ಮರುರಾತ್ರಿ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆ ಬದುಕಿನಲ್ಲಿ ನಿಖಿಲ್ ಎಂಬ ಹೆಸರಾಂತ ಚಿತ್ರನಟನಿದ್ದಾನೆ. ಎರಡೂ ಕಡೆ ಮುಖಗಳು ಮಾತ್ರ ಅವೇ.

ಹಣ ಹೊಂದಿಸಿದ ಬಗೆಯೇ ಚಿತ್ರಕ್ಕೆ ಬಿಡುಗಡೆಗೂ ಮೊದಲೇ ಹೆಸರು ತಂದಿತು. ಯೋಗರಾಜ್ ಭಟ್ಟರ 'ಮನಸಾರೆ', 'ಪಂಚರಂಗಿ' ಚಿತ್ರಗಳ ಬರವಣಿಗೆಯಲ್ಲಿ ಪಾಲುಗೊಂಡಿದ್ದ ಪವನ್, 2011ರಲ್ಲಿ 'ಲೈಫು ಇಷ್ಟೇನೆ' ನಿರ್ದೇಶಿಸಿದರು. ಮುಂದಿನ ಕಥೆಗೆ ನಟರೂ ನಿರ್ಮಾಪಕರೂ ಒದಗದಿದ್ದಾಗ, ಆ ಬೇಸರವನ್ನೇ ಬಹಿರಂಗವಾಗಿ ಬರೆದುಕೊಂಡು ನೇರವಾಗಿ ಪ್ರೇಕ್ಷಕರ ಮುಂದೆ ಕೈಚಾಚಿದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಬಂತು. ದೊಡ್ಡ ನಟರ ಚಿತ್ರವೊಂದರ ವೆಚ್ಚಕ್ಕೆ ಹೋಲಿಸಿದರೆ ಇದು ಪುಡಿಗಾಸು.

ಇಲ್ಲಿಂದ ದಾಖಲೆ ಕಲಸಿಹೋಗಿದೆ. 'ಭಾರತದ ಮೊದಲ ಜನರ ಹಣದ ಚಿತ್ರ' ಎಂಬ ಬಿರುದು ಲೂಸಿಯಾಕ್ಕೆ ಆಗಾಗ ಅಂಟಿಕೊಳ್ಳುತ್ತದೆ. ಅದು ನಿಲ್ಲುವ ಮಾತಲ್ಲ. ಶ್ಯಾಮ್ ಬೆನಗಲ್ ಅವರ 'ಮಂಥನ್' (1976) ಚಿತ್ರಕ್ಕೆ ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟಿದ್ದರು. ಅದರಲ್ಲಿ ಪಶುವೈದ್ಯ ಡಾಕ್ಟರ್ ರಾವ್ ಆಗಿ ನಟಿಸಿದವರು ನಮ್ಮ ಗಿರೀಶ ಕಾರ್ನಾಡರು. ಕನ್ನಡದ ಕೋಶಕಾರರು ಈ ಚಿತ್ರವನ್ನು ಮರೆಯುವುದಕ್ಕೆ ನೆಪವೇ ಇಲ್ಲ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಗೆಳೆಯರ ಬಳಗ ಊರೂರು ಸುತ್ತಿ ಜನರಿಂದ ದುಡ್ಡು ಎತ್ತಿ 'ಅಮ್ಮ ಅರಿಯಾನ್' (1986) ಮಾಡಿತು. ಲೂಸಿಯಾಕ್ಕಿಂತ ಸ್ವಲ್ಪ ಮುಂಚೆ ಒನಿರ್ ನಿರ್ದೇಶನದ ಹಿಂದಿ ಚಿತ್ರ 'ಐ ಆ್ಯಮ್' ಕೂಡ ಅಂತರ್ಜಾಲದ ಮೂಲಕ ನೂರಾರು ಜನರ ಹಣ ಕಂಡಿತ್ತು.

ಆದರೆ ಈ ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕುವುದೂ ಸರಿಯಲ್ಲ. ಮಂಥನ್‌ಗೆ ಹಣ ಕೊಟ್ಟವರು ಮೊದಲೇ ಒಂದು ಸಂಘಟನೆಯ ಸದಸ್ಯರು, ಚಿತ್ರವೂ ಅವರದೇ ಬದುಕಿನದು. ಅಮ್ಮ ಅರಿಯಾನ್ ಒಂದು ಚಳವಳಿ. ಲೂಸಿಯಾದ 110 ಮಂದಿಯನ್ನು ಜೋಡಿಸಿದ್ದು ಊರಲ್ಲ, ಸಂಘವಲ್ಲ, ಸಿದ್ಧಾಂತವೂ ಅಲ್ಲ; ಬೇರೆ ಥರದ ಕನ್ನಡ ಸಿನಿಮಾ ನೋಡಬೇಕೆಂಬ ಆಸೆ ಮಾತ್ರ. ಆದ್ದರಿಂದ 'ಭಾರತದ' ಎಂಬುದನ್ನು ತೆಗೆದು, ಅಂತರ್ಜಾಲದ ಮೂಲಕ ಪ್ರೇಕ್ಷಕರೇ ಬಂಡವಾಳ ಹೂಡಿದ ಮೊದಲ ಕನ್ನಡ ಕಥಾಚಿತ್ರ ಎಂದರೆ ಅದು ನಿಲ್ಲುತ್ತದೆ.

ಎರಡನೆಯ ಗೊಂದಲ ಚಿತ್ರದ ಕೊನೆಯ ಬಗ್ಗೆ. (ಚಿತ್ರ ನೋಡದವರು ಈ ಪ್ಯಾರಾವನ್ನೂ ಮುಂದಿನದನ್ನೂ ಬಿಟ್ಟು ಓದಬಹುದು.) 'ಟಾರ್ಚ್ ಬಿಡುವ ಹುಡುಗನೊಬ್ಬ ತಾನು ನಟನಾದಂತೆ ಕನಸು ಕಾಣುವ ಕಥೆ' ಎಂಬ ಸಾರಾಂಶ ಎಲ್ಲೆಡೆ ಸಿಗುತ್ತದೆ. ಚಿತ್ರದ ಬಹುಭಾಗಕ್ಕೆ ಇದು ಸರಿ. ಕೊನೆಗೆ ಬಂದಾಗ ತಲೆಕೆಳಗು. ನಿಜವಾಗಿ ಇರುವವನು ನಟ ನಿಖಿಲ್. ಹೆಸರು, ಹಣ, ಅಭಿಮಾನಿಗಳ ನಡುವೆ ಬೇಸತ್ತ ಅವನು ಕಂಡುಕೊಂಡ ಕನಸೇ ನಿಕ್ಕಿ.

ನಿರ್ದೇಶಕರು ಇದನ್ನು ಬಚ್ಚಿಟ್ಟ ಜಾಗ ಬಲು ಸರಳ: ಬಣ್ಣ. ನಿಕ್ಕಿಯ ಬದುಕು ಬಣ್ಣದಲ್ಲಿದೆ, ನಟನದು ಕಪ್ಪು ಬಿಳುಪಿನಲ್ಲಿ. ಕಪ್ಪು ಬಿಳುಪು ಕಂಡರೆ ಕನಸೋ ನೆನಪೋ ಇರಬೇಕೆಂದು ನಮ್ಮ ಕಣ್ಣಿಗೆ ಸಿನಿಮಾಗಳೇ ಅಭ್ಯಾಸ ಮಾಡಿಸಿವೆ. ಆ ಅಭ್ಯಾಸದ ಮೇಲೆಯೇ ಇಡೀ ಚಿತ್ರ ನಿಂತಿದೆ. ನಟನ ವ್ಯವಹಾರ ನೋಡಿಕೊಳ್ಳುವ ಶಂಕ್ರಣ್ಣ ಕನಸಿನಲ್ಲಿ ಚಿತ್ರಮಂದಿರದ ಮಾಲೀಕನಾಗುತ್ತಾನೆ. ನಟನ ಗೆಳತಿ ಶ್ವೇತಾ ಪಿಜ್ಜಾ ಅಂಗಡಿಯ ಕೆಲಸದ ಹುಡುಗಿಯಾಗುತ್ತಾಳೆ. ಎಲ್ಲರನ್ನೂ ಒಂದೊಂದು ಮೆಟ್ಟಿಲು ಇಳಿಸಿ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುವ ಮನಸ್ಸು ಹೆಸರು ಮಾಡಿದವನದೇ ಹೊರತು ಹೆಸರಿಲ್ಲದವನದಲ್ಲ. ಎರಡನೇ ಸಲ ನೋಡಿದಾಗ ಇದು ಎದ್ದು ಕಾಣುತ್ತದೆ. ಯಾವುದು ನಿಜ ಎಂಬುದನ್ನು ಚಿತ್ರ ತೆರೆದಿಟ್ಟಿಲ್ಲ ಎಂಬ ವಾದವೂ ಇದೆ, ಆದರೆ ಚಿತ್ರದೊಳಗಿನ ಸಾಕ್ಷ್ಯ ಅದನ್ನು ಒಪ್ಪುವುದಿಲ್ಲ.

ಒಂದೇ ಮನಸ್ಸು ಹಲವು ಬದುಕುಗಳಲ್ಲಿ ಹರಿಯುವ ಕಲ್ಪನೆ ಎರಡು ವರ್ಷಗಳ ಬಳಿಕ ನೆಟ್‌ಫ್ಲಿಕ್ಸ್‌ನಲ್ಲಿ ಬೇರೆ ರೂಪದಲ್ಲಿ ಬಂತು. ಲಾನಾ ಮತ್ತು ಲಿಲಿ ವಚೌಸ್ಕಿ ಹಾಗೂ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ರೂಪಿಸಿದ 'ಸೆನ್ಸ್8' (2015) ಎಂಬ ವಿಜ್ಞಾನ ಕಥಾ ಸರಣಿಯಲ್ಲಿ ಜಗತ್ತಿನ ಬೇರೆ ಬೇರೆ ನಗರಗಳ, ಒಬ್ಬರನ್ನೊಬ್ಬರು ಅರಿಯದ ಎಂಟು ಜನರ ಮನಸ್ಸುಗಳು ಬೆಸೆದುಕೊಳ್ಳುತ್ತವೆ. ಮುಂಬೈಯ ಕಲಾ ದಾಂಡೇಕರ್ ಪಾತ್ರದಲ್ಲಿದ್ದ ಟೀನಾ ದೇಸಾಯಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಎರಡನೇ ಆವೃತ್ತಿಯ ಬೆನ್ನಿಗೇ, 2017ರ ಜೂನ್ 1ರಂದು, ಸರಣಿಯನ್ನು ನಿಲ್ಲಿಸಲಾಯಿತು. ಕಥೆ ಅರ್ಧಕ್ಕೇ ನಿಂತಿತ್ತು. ನೋಡುಗರ ಕೂಗು ಜೋರಾಯಿತು. ಅದೇ ತಿಂಗಳ ಕೊನೆಗೆ ಲಾನಾ ಪತ್ರ ಬರೆದು ಕೊನೆಯ ಕಂತೊಂದನ್ನು ಘೋಷಿಸಿದರು. ಎರಡೂವರೆ ಗಂಟೆಯ ಆ ಕಂತು 2018ರ ಜೂನ್ 8ರಂದು ಬಂತು, ಅಭಿಮಾನಿಗಳಿಗೇ ಅರ್ಪಣೆಯಾಗಿ. ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲಿನ ಮದುವೆಯಲ್ಲಿ ಎಲ್ಲ ಎಳೆಗಳೂ ಕೂಡಿ ಸುಖಾಂತವಾಯಿತು. ಲೂಸಿಯಾದ ಹಾದಿ ಇದಕ್ಕೆ ತಿರುಗುಮುರುಗು. ಇಲ್ಲಿ ಪ್ರೇಕ್ಷಕರ ಹಣ ಮೊದಲೇ ಬಂತು, ಕೊನೆ ನಿರ್ದೇಶಕರ ಕೈಯಲ್ಲೇ ಉಳಿಯಿತು. ಅಂಥ ಕೊನೆಯನ್ನು 110 ಜನ ಮತ ಹಾಕಿ ಆರಿಸುತ್ತಿದ್ದರೆಂದು ನಂಬುವುದು ಕಷ್ಟ.

ಆಮೇಲಿನದು ಚುಟುಕು. 2015ರಲ್ಲಿ ಸಿದ್ಧಾರ್ಥ್ ನಟಿಸಿದ ತಮಿಳು ರೂಪ 'ಎನಕ್ಕುಳ್ ಒರುವನ್' ತೆರೆಕಂಡಿತು. ಲೂಸಿಯಾದ ಬಗೆಯಲ್ಲೇ ಹಣ ಎತ್ತಲು ಹೊರಟ ಪವನ್ ಅವರ 'ಸಿ10ಎಚ್14ಎನ್2' ತೆರೆಗೆ ಬರಲೇ ಇಲ್ಲ. ಅವರ ಮುಂದಿನ ಚಿತ್ರ 'ಯು ಟರ್ನ್' 2016ರಲ್ಲಿ ಬಂತು. ಮರುವರ್ಷ ರಾಜ್ ಬಿ. ಶೆಟ್ಟಿ ನಿರ್ದೇಶನದ 'ಒಂದು ಮೊಟ್ಟೆಯ ಕಥೆ'ಯನ್ನು ಪ್ರೇಕ್ಷಕರ ಮುಂದಿಟ್ಟವರೂ ಪವನ್ ಕುಮಾರ್ ಅವರೇ.