ಒಂದೇ ಪದ, ಬೇರೆ ಬೇರೆ ಬೇರು

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ಎಕಂಬಾ ಎಂಬ ಗ್ರಾಮವಿದೆ. ಪ್ರಿಯ ವಾಚಕರೇ, ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿ. ಮರಾಠಿ ಬಲ್ಲವರ ಕಿವಿಗೆ ಅದರ ಕೊನೆಯಲ್ಲಿ 'ಆಂಬಾ', ಅಂದರೆ ಮಾವು ಕೇಳಿಸುತ್ತದೆ. ಸಂಸ್ಕೃತ ಓದಿದವರಿಗೆ 'ಅಂಬಾ', ಅಂದರೆ ತಾಯಿ. ಕನ್ನಡದ ಒಕ್ಕಲಿಗನಿಗೋ ಕರುವು ತನ್ನ ತಾಯಿಯನ್ನು ಕರೆಯುವ 'ಅಂಬಾ' ಎಂಬ ಕೂಗು. ಮೂವರೂ ಪ್ರಾಮಾಣಿಕವಾಗಿಯೇ ಕೇಳಿದ್ದಾರೆ. ಆದರೆ ಕಿವಿಗೆ ಕೇಳಿಸಿದ್ದೆಲ್ಲ ಇತಿಹಾಸವಾಗಬಲ್ಲದೇ?

ಈ ಪ್ರಶ್ನೆ ಬೀದರದ ನೆಲದಲ್ಲಿ ಹುಟ್ಟುವುದು ಸಹಜ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕನ್ನಡದಲ್ಲಿ ವಚನ ನುಡಿದ ನೆಲವಿದು. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. 1472ರಲ್ಲಿ ಮಹಮೂದ್ ಗವಾನನ ಮದರಸಾ ಇಲ್ಲಿ ತಲೆಯೆತ್ತಿತು. ಅದರೊಡನೆ ಪಾರಸಿ ಮತ್ತು ಅರಬ್ಬಿ ವಿದ್ಯೆಗಳೂ ನೆಲೆಯೂರಿದವು. ಮುಂದೆ ನಿಜಾಮರ ಆಳ್ವಿಕೆಯಲ್ಲಿ ಉರ್ದು ಕಚೇರಿಯ ಭಾಷೆಯಾಯಿತು. ಪಡುವಣದಿಂದ ಮರಾಠಿ, ಮೂಡಣದಿಂದ ತೆಲುಗು ಇಲ್ಲಿಯ ಸಂತೆಗಳಿಗೆ ಬರುತ್ತಲೇ ಇದ್ದವು. ಕನ್ನಡ ಮತ್ತು ತೆಲುಗು ದ್ರಾವಿಡ ಕುಟುಂಬದವು. ಮರಾಠಿ ಮತ್ತು ಉರ್ದು ಆರ್ಯ ಕುಟುಂಬದವು. ಅರಬ್ಬಿಯಂತೂ ಹೀಬ್ರೂ ಭಾಷೆಯ ಬಳಗಕ್ಕೆ ಸೇರಿದ್ದು. ಇಷ್ಟು ಭಾಷೆಗಳು ಒಂದೇ ಅಂಗಳದಲ್ಲಿ ಮಾತನಾಡುವಾಗ ಒಂದೇ ಧ್ವನಿ ಬೇರೆ ಬೇರೆ ಅರ್ಥ ಹೊತ್ತು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

'ಬಾಯಿ' ಎಂಬ ಪದವನ್ನೇ ತೆಗೆದುಕೊಳ್ಳಿ. ಕನ್ನಡಿಗರಿಗೆ ಅದು ಮುಖದ ಅಂಗ. ತಮಿಳಿನಲ್ಲಿ ಅದೇ 'ವಾಯ್'. ಪದದ ಮೊದಲಲ್ಲಿದ್ದ 'ವ'ಕಾರವನ್ನು ಕನ್ನಡ 'ಬ'ಕಾರವಾಗಿಸಿಕೊಂಡಿತು. ಮರಾಠಿಯಲ್ಲಿ 'ಬಾಯಿ' ಎಂದರೆ ಹೆಂಗಸು, ಗೌರವದ ಸಂಬೋಧನೆಯೂ ಹೌದು. ಲಕ್ಷ್ಮೀಬಾಯಿ, ಜೀಜಾಬಾಯಿ ಎಂಬ ಹೆಸರುಗಳ ಕೊನೆಯಲ್ಲಿರುವುದು ಅದೇ. ಇನ್ನು ಗಡಿಯಾಚೆಯ ತೆಲಂಗಾಣದ ಆಡುಮಾತಿನ ತೆಲುಗಿನಲ್ಲಿ 'ಬಾಯಿ' ಎಂದರೆ ನೀರಿನ ಬಾವಿ. ಅದು ಸಂಸ್ಕೃತದ 'ವಾಪೀ' ಎಂಬುದರಿಂದ ಬಂದದ್ದು. ಮೂರು ಬೇರುಗಳು ಮೂರು ದಾರಿಯಲ್ಲಿ ನಡೆದು ಬಂದು ಒಂದೇ ಆಕಾರದಲ್ಲಿ ನಿಂತಿವೆ. ಅವುಗಳ ನಡುವೆ ರಕ್ತಸಂಬಂಧವಿಲ್ಲ.

'ಖಾಲಿ ಬಸ್' ಎಂಬ ಮಾತು ಇನ್ನೂ ಸೊಗಸಾದುದು. ಕನ್ನಡಿಗನಿಗೆ ಅದು ಪ್ರಯಾಣಿಕರಿಲ್ಲದ ವಾಹನ. ಮರಾಠಿಯಲ್ಲಿ ಅದು 'ಕೆಳಗೆ ಕುಳಿತುಕೋ' ಎಂಬ ಅಕ್ಕರೆಯ ಮಾತು. ಕನ್ನಡದ 'ಖಾಲಿ' ಅರಬ್ಬಿಯಿಂದ ಬಂದದ್ದು, ಬರಿದು ಎಂದು ಅರ್ಥ. ಮರಾಠಿಯ 'ಖಾಲಿ' ಎಂದರೆ ಕೆಳಗೆ. 'ಬಸ್' ಎಂಬುದು ಮರಾಠಿಯಲ್ಲಿ 'ಕುಳಿತುಕೋ', ಪಾರಸಿಯ ಹಾದಿಯಲ್ಲಿ ಬಂದ ಉರ್ದುವಿನಲ್ಲಿ 'ಸಾಕು'. ನಾವು ಹತ್ತುವ ಬಸ್ಸು ಮಾತ್ರ ಯುರೋಪಿನಿಂದ ಬಂದದ್ದು; ಲತೀನಿನ 'ಓಮ್ನಿಬುಸ್', ಅಂದರೆ 'ಎಲ್ಲರಿಗಾಗಿ' ಎಂಬ ಪದದ ಬಾಲ ಅದು. ನಿಜಾಮ್ ಸಂಸ್ಥಾನದಲ್ಲಿ 1932ರಲ್ಲಿ ಸರ್ಕಾರಿ ಬಸ್ಸುಗಳ ಸೇವೆ ಆರಂಭವಾದಾಗ, ಆ ಬಾಲವೂ ಇಲ್ಲಿಯ ಹಳೆಯ 'ಬಸ್'ಗಳ ಜೊತೆಗೆ ಬಂದು ಕುಳಿತಿತು.

ಇವೆಲ್ಲ ಕಾಕತಾಳೀಯ ಹೋಲಿಕೆಗಳು. ಮನುಷ್ಯನ ನಾಲಿಗೆ ಹೊರಡಿಸಬಲ್ಲ ಧ್ವನಿಗಳು ಮಿತವಾದವು, ಹೇಳಬೇಕಾದ ವಿಷಯಗಳು ಅಮಿತವಾದವು. ಆದುದರಿಂದ ಚಿಕ್ಕ ಪದಗಳು ಒಂದರ ಮೇಲೊಂದು ಬೀಳುವುದು ಅನಿವಾರ್ಯ. ಕೆಲವೊಮ್ಮೆ ಅರ್ಥವೂ ಕೂಡಿಬಿಡುತ್ತದೆ. ಪಾರಸಿಯ 'ಬದ್', ಇಂಗ್ಲಿಷಿನ 'ಬ್ಯಾಡ್' ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥ. ಆದರೂ ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ.

ಇನ್ನೊಂದು ಬಗೆಯಿದೆ. ಅಲ್ಲಿ ಬೇರು ಒಂದೇ, ಫಲಗಳು ಬೇರೆ. ಸಂಸ್ಕೃತದ 'ರಾಗ' ಕನ್ನಡಿಗನಿಗೆ ಸಂಗೀತವನ್ನು ನೆನಪಿಸಿದರೆ, ಮರಾಠಿಯ ದಿನಬಳಕೆಯಲ್ಲಿ ಸಿಟ್ಟು. 'ಶಿಕ್ಷಾ' ಹಿಂದಿಯಲ್ಲಿ ವಿದ್ಯೆ. ಕನ್ನಡ, ಮರಾಠಿಗಳಲ್ಲಿ ದಂಡನೆ. 'ಅವಸರ' ಕನ್ನಡದಲ್ಲಿ ತರಾತುರಿ, ತೆಲುಗಿನಲ್ಲಿ ಅಗತ್ಯ, ಹಿಂದಿಯಲ್ಲಿ ಅವಕಾಶ. ಕ್ರಿಸ್ತ ಜಯಂತಿಯಂದು ನಾವು ನೆನೆಯುವ ಬೆತ್ಲೆಹೇಮ್ ಊರಿನ ಹೆಸರೂ ಹೀಗೆಯೇ. ಹೀಬ್ರೂ ಭಾಷೆಯಲ್ಲಿ ಅದು 'ರೊಟ್ಟಿಯ ಮನೆ'. ಸೋದರ ಭಾಷೆಯಾದ ಅರಬ್ಬಿಯಲ್ಲಿ 'ಮಾಂಸದ ಮನೆ'.

ಹಾಗಾದರೆ ನಿಜವಾದ ನಂಟನ್ನು ಗುರುತಿಸುವುದು ಹೇಗೆ? ಒಂದು ಪದವನ್ನಲ್ಲ, ಪದಗಳ ಸಾಲನ್ನೇ ನೋಡಬೇಕು. ಧ್ವನಿ ಬದಲಾವಣೆಯ ನಿಯಮವನ್ನು ಹುಡುಕಬೇಕು. ತಮಿಳಿನ 'ಪಾಲ್, ಪೂ, ಪುಲಿ' ಕನ್ನಡದಲ್ಲಿ 'ಹಾಲು, ಹೂ, ಹುಲಿ' ಆಗಿರುವುದು ಆಕಸ್ಮಿಕವಲ್ಲ, ಅದೊಂದು ಕ್ರಮ. ಇಂತಹ ಕ್ರಮಗಳನ್ನು ಜೋಡಿಸಿಯೇ ಮಿಷನರಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು ಕನ್ನಡ ಪದಗಳಿಗೆ ನೆರೆಯ ದ್ರಾವಿಡ ಭಾಷೆಗಳ ಸಂಬಂಧಿ ರೂಪಗಳನ್ನು ತೋರಿಸಿಕೊಟ್ಟಿತು.

ವಾಚಕರೇ, ಇದು ಪಂಡಿತರ ವಿನೋದ ಮಾತ್ರವೆಂದು ಭಾವಿಸಬೇಡಿ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಗೊಂಡಾಗ, ಹಳೆಯ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ, ಜಹೀರಾಬಾದಗಳು ಆಂಧ್ರಪ್ರದೇಶಕ್ಕೆ ಹೋದವು. ಗಡಿ ತಕರಾರು ಅಲ್ಲಿಗೆ ಮುಗಿಯಲಿಲ್ಲ. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ ಮರುವರ್ಷ ವರದಿ ಕೊಟ್ಟರೂ ವಿವಾದ ಉಳಿಯಿತು. ಇಂತಹ ಕಾವಿನಲ್ಲಿ ಊರ ಹೆಸರಿನ ಒಂದು ತುಣುಕನ್ನು ಎತ್ತಿ ಹಿಡಿದು, 'ಇದು ನಮ್ಮ ಭಾಷೆಯ ಪದ, ಆದುದರಿಂದ ಊರೂ ನಮ್ಮದು' ಎನ್ನುವುದು ಬಹು ಸುಲಭ. ಎಕಂಬಾದ ಹೆಸರಿನಲ್ಲಿ ಮಾವು ಕೇಳಿಸಿದವರಿಗೂ, ತಾಯಿ ಕೇಳಿಸಿದವರಿಗೂ, ಕರುವಿನ ಕೂಗು ಕೇಳಿಸಿದವರಿಗೂ ಆ ಸುಲಭದ ದಾರಿ ತೆರೆದೇ ಇದೆ. ಆದರೆ ಧ್ವನಿಯ ಹೋಲಿಕೆ ಒಡೆತನದ ಪತ್ರವಲ್ಲ.

ಒಂದು ಹೆಸರು ಮೂರು ಕಿವಿಗಳಿಗೆ ಮೂರು ಬಗೆಯಾಗಿ ಕೇಳಿಸುತ್ತದೆ ಎಂಬುದು ಖಚಿತವಾಗಿ ಒಂದನ್ನು ಸಾರುತ್ತದೆ: ಆ ಊರಿನ ಸುತ್ತ ಮೂರು ನುಡಿಯ ಜನರು ಬಾಳಿದ್ದಾರೆ. ನೆರೆಯವರ ಬಾಯಿಂದ ಬಂದ ಮಾತು ನಮ್ಮ ಕಿವಿಗೆ ಬಿರುಸಾಗಿ, ಅಸಂಬದ್ಧವಾಗಿ ಕೇಳಿಸಿದಾಗ ಕೋಪಿಸಿಕೊಳ್ಳುವ ಮುನ್ನ ಒಂದು ಪ್ರಶ್ನೆಯನ್ನು ಕೇಳೋಣ: 'ನಿಮ್ಮ ಭಾಷೆಯಲ್ಲಿ ಇದಕ್ಕೇನು ಅರ್ಥ?' ಅವರು 'ಖಾಲಿ ಬಸ್' ಎಂದದ್ದು, ನಮ್ಮನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲಿಕ್ಕೇ ಇರಬಹುದು.