ಒಂಟಿ ಅರಸ, ಊರಿನ ಅರಸ

ಕಿರುತೆರೆಯ ಐತಿಹಾಸಿಕ ನಾಟಕಗಳಲ್ಲಿ ಒಂದು ವಾಡಿಕೆಯುಂಟು. ನಾಯಕ ಕುದುರೆಯೇರಿ ಖಡ್ಗ ಹಿರಿದ ಕೂಡಲೇ ಇಡೀ ಊರು ಜಯಘೋಷ ಮಾಡುತ್ತ ಅವನ ಹಿಂದೆ ಓಡಿಬರುತ್ತದೆ. (ಇಡೀ ಊರೆಂದರೆ ಹದಿನೈದು ಮಂದಿ ಎಂಬುದು ಬೇರೆ ಮಾತು.) ನರಗುಂದದ ಬಾಬಾಸಾಹೇಬನ ಕಥೆಯನ್ನು ಹೀಗೆ ತೋರಿಸಲು ಹೊರಟವರಿಗೆ ಮೊದಲ ಕಂತಿನಲ್ಲೇ ತೊಡಕು ಎದುರಾಗುತ್ತದೆ.

ಭಾಸ್ಕರರಾವ್ ಭಾವೆ ಎಂಬುದು ಅವನ ಹೆಸರು. ಗುಡ್ಡದ ಮೇಲೆ ಕೋಟೆ, ಕೆಳಗೆ ಪೇಟೆ, ಸುತ್ತಲೂ ಎರೆಹೊಲ. ಇವುಗಳ ನಡುವೆ ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಸಿಟ್ಟುಕೊಂಡಿದ್ದ ಓದುಗ ಅರಸ. ಅವನ ಮೊದಲ ಅಸಮಾಧಾನ ಅರಮನೆಯದು. ಮಗನಿಲ್ಲದ ಅವನು ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ. ಕಂಪನಿ ಸರಕಾರ ಒಪ್ಪಲಿಲ್ಲ. ಕಂದಾಯ ಕಟ್ಟುವ ರೈತನಿಗೆ ಇದು ತನ್ನ ಜಗಳವೆನಿಸಲು ಏನು ಕಾರಣವಿತ್ತು?

ಆ ಕಾರಣವನ್ನು ಒದಗಿಸಿದವರು ಆಳುವವರೇ. ಜನರೆಲ್ಲ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಅದಕ್ಕಾಗಿಯೇ ಸಿಡಿದೆದ್ದರು. ಬಾಬಾಸಾಹೇಬನಿಗೂ ತೋಪುಗಳನ್ನು ಧಾರವಾಡಕ್ಕೆ ಕಳಿಸುವಂತೆ ಅಪ್ಪಣೆಯಾಯಿತು. ಬೇಡನ ಕೋವಿ, ಅರಸನ ತೋಪು ಎರಡಕ್ಕೂ ಒಂದೇ ಕಾನೂನಾದಾಗ ಇಬ್ಬರ ನೋವೂ ಮೊದಲ ಬಾರಿಗೆ ಒಂದಾಯಿತು.

ಆದರೆ ಸ್ವಂತ ಬಳಗ ಜೊತೆಗೆ ಬರಲಿಲ್ಲ. ರಾಮದುರ್ಗದ ಅರಸ ಅವನ ಮಲಸಹೋದರ. ಬಂಡಾಯಕ್ಕೆ ಕರೆದು ಬರೆದ ಪತ್ರವನ್ನು ಆತ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೈಗಿತ್ತ. ಮ್ಯಾನ್ಸನ್ ನರಗುಂದದತ್ತ ಹೊರಟು ಸುರೇಬಾನದಲ್ಲಿ ತಂಗಿದ್ದಾಗ, 1858ರ ಮೇ 29ರ ರಾತ್ರಿ ಹತನಾದ. ಅವನ ತಲೆಯನ್ನು ತಂದು ನರಗುಂದದ ಅಗಸೆಗೆ ತೂಗುಹಾಕಲಾಯಿತು. ಅತ್ತ ಮುಂಡರಗಿ ಭೀಮರಾಯ ಅದೇ ದಿನಗಳಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಜೂನ್ ಮೊದಲಲ್ಲಿ ಮಾಲ್ಕಮ್‌ನ ದಂಡು ಬಂದಾಗ ನರಗುಂದದ ಕೋಟೆ ಹೆಚ್ಚಿನ ಪ್ರತಿರೋಧವಿಲ್ಲದೆ ಅವರ ಕೈಸೇರಿತು. ಯಾತ್ರಿಕನ ವೇಷದಲ್ಲಿ ತಪ್ಪಿಸಿಕೊಂಡು ಹೋಗುತ್ತಿದ್ದ ಅರಸ ಕಾಡಿನಲ್ಲಿ ಸೆರೆಸಿಕ್ಕಿದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಯ ಪಾಲಾದರು.

ಕೋಟೆ ಇಷ್ಟು ಬೇಗ ಬಿದ್ದುದೇಕೆ? ಒಳಗಿನವರೇ ಮದ್ದಿನಲ್ಲಿ ಬೆರಕೆ ಮಾಡಿ ದ್ರೋಹ ಬಗೆದರೆಂದು ಸ್ಥಳೀಯರು ಹೇಳುತ್ತ ಬಂದಿದ್ದಾರೆ. ಅದು ನಿಜವಿರಬಹುದು. ಅರಸ ಕೊನೆಯ ಗಳಿಗೆಯಲ್ಲಿ ಒಂಟಿಯಾದದ್ದಕ್ಕೆ ಊರು ತನಗೆ ತಾನೇ ಹೇಳಿಕೊಂಡ ಸಮಜಾಯಿಷಿಯೂ ಆಗಿರಬಹುದು. ನನಗಂತೂ ಎರಡನೆಯದೇ ಹೆಚ್ಚು ಮನುಷ್ಯಸಹಜವೆನಿಸುತ್ತದೆ. ಬದುಕಿದ್ದಾಗ ದೂರವಿದ್ದ ಅರಸನನ್ನು ಜನ ಸತ್ತ ಮೇಲೆ ತಮ್ಮವನನ್ನಾಗಿ ಮಾಡಿಕೊಂಡರು. ನಾಟಕ ಬರೆಯುವವರು ಹಿಡಿಯಬೇಕಾದದ್ದು ಈ ನಿಧಾನದ ಬದಲಾವಣೆಯನ್ನು; ಕುದುರೆಯ ಓಟವನ್ನಲ್ಲ.

1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ಅಭಿವೃದ್ಧಿ ಕರ, ನೀರಿನ ಕರಗಳ ವಿರುದ್ಧ ಎದ್ದು ನಿಂತರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ರೈತರು ಪ್ರಾಣ ತೆತ್ತರು. ಆ ದಂಗೆಗೆ ಅರಸನಿರಲಿಲ್ಲ, ಕೋಟೆಯೂ ಬೇಕಾಗಲಿಲ್ಲ. ಇಂದು ಆ ಕಡೆ ಹೋಗಿ ನರಗುಂದ ಬಂಡಾಯವೆಂದರೆ, ಯಾವುದು, ಬಾಬಾಸಾಹೇಬನದೋ ರೈತರದೋ ಎಂದು ಮರುಪ್ರಶ್ನೆ ಬರುತ್ತದೆ.