ಏಳು ಹಾಲಿಗೆ ಆರು ಕಲ್ದಾರ

ಕುಷ್ಟಗಿ, ತಾವರಗೇರಾ ಕಡೆ ಎಪ್ಪತ್ತೆಂಬತ್ತು ವರ್ಷಗಳ ಹಿಂದೆ ಎತ್ತಿನ ವ್ಯಾಪಾರಕ್ಕೆ ಕೂತವರು ಬೆಲೆಗಿಂತ ಮೊದಲು ಇನ್ನೊಂದು ಮಾತು ಇತ್ಯರ್ಥ ಮಾಡಿಕೊಳ್ಳಬೇಕಿತ್ತು: ‘ಹಾಲಿಯೋ, ಕಲ್ದಾರೋ?’ ಹಾಲಿ ಎಂದರೆ ಹೈದರಾಬಾದ್ ನಿಜಾಮರ ರೂಪಾಯಿ. ಕಲ್ದಾರ ಎಂದರೆ ಬ್ರಿಟಿಷರ ರೂಪಾಯಿ. ಪಶ್ಚಿಮಕ್ಕೆ ಗಜೇಂದ್ರಗಡದ ಸಂತೆಗೆ ಹೋದರೆ ಮುಂಬೈ ಪ್ರಾಂತ, ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ. ಎರಡೂ ಕಡೆ ಕಲ್ದಾರದ್ದೇ ಆಳ್ವಿಕೆ. ಈ ಸೀಮೆಯ ರೈತನಿಗೆ ಗಡಿ ಎಂಬುದು ನಕಾಶೆಯಿಂದಲ್ಲ, ಸೊಂಟದ ಚೀಲದಿಂದ ಗೊತ್ತಾಗುತ್ತಿತ್ತು.

ರೊಕ್ಕ ಬದಲಾಗುವುದು ಈ ನೆಲಕ್ಕೆ ಹೊಸದಲ್ಲ. ಗಂಗಾವತಿ ಸೀಮೆಯ ಆನೆಗೊಂದಿ ವಿಜಯನಗರದ ತವರು. ಆಗ ನಡೆದದ್ದು ಮೂರೂವರೆ ಗ್ರಾಂಗೆ ತುಸು ಕಡಿಮೆ ತೂಕದ ಚಿನ್ನದ ವರಾಹ, ಅದರ ಕೆಳಗೆ ಪಣ, ಹಾಗ, ಕಾಸು. ಕೃಷ್ಣದೇವರಾಯನ ವರಾಹದ ಮೇಲೆ ಬಾಲಕೃಷ್ಣ, ಅಚ್ಯುತರಾಯನದರ ಮೇಲೆ ಗಂಡಭೇರುಂಡ. ಸಾಮ್ರಾಜ್ಯ ಹೋದರೂ ವರಾಹ, ಹೊನ್ನು ಎಂಬ ಲೆಕ್ಕ ಜನರ ಬಾಯಲ್ಲಿ ಬಹುಕಾಲ ಉಳಿಯಿತು. ಆಮೇಲೆ ಆದಿಲಶಾಹಿ, ಮೊಗಲ, ಮರಾಠ, ಟಿಪ್ಪು ಹೀಗೆ ಕೋಟೆಯ ಮೇಲಿನ ನಿಶಾನೆ ಬದಲಾದಂತೆ ನಾಣ್ಯವೂ ಬದಲಾಯಿತು. ನಷ್ಟ ಮಾತ್ರ ಪ್ರತಿ ಸಲ ಕೈಯಲ್ಲಿ ಹಳೆಯ ನಾಣ್ಯ ಹಿಡಿದವನದೇ.

ನಿಜಾಮರು ಕೂಡ 1857ರ ದಂಗೆಯವರೆಗೆ ದಿಲ್ಲಿ ಬಾದಶಹನ ಹೆಸರಲ್ಲೇ ರೂಪಾಯಿ ಹೊಡೆಸಿದರು. ಗದ್ವಾಲ, ನಾರಾಯಣಪೇಟೆಗಳಲ್ಲಿ ಬೇರೆ ಟಂಕಸಾಲೆಗಳೂ ಇದ್ದವು. ಒಂದೊಂದು ಊರಿನ ರೂಪಾಯಿಗೆ ಒಂದೊಂದು ಬೆಲೆ. ಸರಾಫನ ಅಂಗಡಿಯಲ್ಲಿ ವಟ್ಟಾ ಮುರಿಸಿಕೊಳ್ಳದೆ ಸಾಮಾನ್ಯನಿಗೆ ದಾರಿಯಿರಲಿಲ್ಲ. ದಿವಾನ ಸಾಲಾರ್ ಜಂಗ್ ಈ ಗೊಂದಲಕ್ಕೆ ಕೈಹಾಕಿ, ಟಂಕಸಾಲೆಯನ್ನು ಹೈದರಾಬಾದಿಗೆ ಸೇರಿಸಿ, ಹಾಲಿ ಸಿಕ್ಕಾ ನೆಲೆಗೊಳಿಸಿದ. ನಾವು ಇಂದಿಗೂ ‘ಹಾಲಿ ಶಾಸಕರು’ ಎನ್ನುತ್ತೇವಲ್ಲ, ಅದೇ ಹಾಲಿ: ಈಗ ಚಾಲ್ತಿಯಲ್ಲಿರುವುದು. ಅವನ ಸುಧಾರಣೆಗಳಲ್ಲಿ ಬಡವನಿಗೆ ನೇರ ಮುಟ್ಟಿದ್ದು ಇದೇ ಎಂದು ನನ್ನ ನಂಬಿಕೆ.

ಒಂದು ಹಾಲಿ ರೂಪಾಯಿಯನ್ನು ಅಂಗೈಯಲ್ಲಿಟ್ಟು ನೋಡಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಂತ್ರದಿಂದ ಬಂದ ಈ ನಾಣ್ಯದ ಮುಖದ ಮೇಲೆ ಚಾರ್‌ಮಿನಾರ್. ನಡುವಿನ ಕಮಾನಿನಲ್ಲಿ ಒಂದು ಪುಟ್ಟ ಅಕ್ಷರ: ಮೆಹಬೂಬ್ ಅಲಿಗೆ ‘ಮೀಮ್’, ಉಸ್ಮಾನ್ ಅಲಿಗೆ ‘ಐನ್’. ಬಾಗಿಲಲ್ಲಿ ನಿಂತವರು ಯಾರೆಂದು ನೋಡಿದರೆ ಆಳುವವರು ಯಾರೆಂದು ತಿಳಿಯುತ್ತದೆ. ತೂಕ 11.18 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 9.1 ಗ್ರಾಂ. ಕಲ್ದಾರದಲ್ಲಿ 10.7 ಗ್ರಾಂ. ಏಳು ಹಾಲಿಗೆ ಆರು ಕಲ್ದಾರ ಎಂಬ ಲೆಕ್ಕ ಈ ಬೆಳ್ಳಿಯ ತೂಕಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಗಜೇಂದ್ರಗಡದಲ್ಲಿ 60 ಕಲ್ದಾರದ ಎತ್ತಿಗೆ ನಮ್ಮವರು 70 ಹಾಲಿ ಎಣಿಸಬೇಕಿತ್ತು. ಹಾಲಿ ಕೀಳು ಎಂದು ಹೀಗಳೆಯುವುದು ಸಲ್ಲದು. ಅದರಲ್ಲಿ ಬೆಳ್ಳಿಯೇ ಅಷ್ಟಿತ್ತು.

1918ರಲ್ಲಿ ಕಾಗದದ ನೋಟು ಬಂತು. ಮೊದಲು ಹತ್ತು, ನೂರು. ಬಳಿಕ ಒಂದು, ಐದು. ಆಡಳಿತ, ಕಚೇರಿ, ಉನ್ನತ ಶಿಕ್ಷಣವೆಲ್ಲ ಉರ್ದುವಿನಲ್ಲಿದ್ದ ಸಂಸ್ಥಾನದಲ್ಲಿ ನೋಟಿನ ಮೇಲೆ ಮರಾಠಿ, ತೆಲುಗುಗಳ ಜೊತೆ ಕನ್ನಡದಲ್ಲೂ ಮೊತ್ತ ಬರೆದಿತ್ತು. ಕನ್ನಡ ಶಾಲೆಗೆ ಹಂಬಲಿಸುತ್ತಿದ್ದ ನಾಡಿನಲ್ಲಿ ಸರಕಾರದ ಕಾಗದವೊಂದು ಕನ್ನಡ ಮಾತಾಡಿದ್ದು ನನಗೆ ಸಣ್ಣ ಸಂಗತಿ ಅನ್ನಿಸುವುದಿಲ್ಲ.

ದೇಶ ಸ್ವತಂತ್ರವಾದ ಮೇಲೆ ಇದೇ ರೊಕ್ಕ ಜಗಳದ ವಸ್ತುವಾಯಿತು. 1947ರ ನವೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದು ಹೆಚ್ಚು ದಿನವಾಗಿರಲಿಲ್ಲ, ನಿಜಾಮ ಸರಕಾರ ಭಾರತದ ರೂಪಾಯಿ ಸಂಸ್ಥಾನದೊಳಗೆ ಸಲ್ಲದೆಂದು ಆಜ್ಞೆ ಹೊರಡಿಸಿತು. ದೆಹಲಿಗೆ ಅದು ಒಪ್ಪಂದದ ಉಲ್ಲಂಘನೆ. ಆಚೆಯ ಸಂತೆಯನ್ನೇ ನಂಬಿದ್ದ ಗಡಿಯ ಹಳ್ಳಿಗೆ ಅದು ನಿತ್ಯದ ಸಂಕಟ. 1948ರ ಸೆಪ್ಟೆಂಬರಿನಲ್ಲಿ ಐದು ದಿನಗಳ ಕಾರ್ಯಾಚರಣೆಗೆ ಸಂಸ್ಥಾನ ಮಣಿಯಿತು.

ಹಾಲಿ ಮಾತ್ರ ಒಮ್ಮೆಲೇ ಹೋಗಲಿಲ್ಲ. 1950ರಲ್ಲಿ ಭಾರತದ ರೂಪಾಯಿ ಅದರ ಪಕ್ಕದಲ್ಲೇ ಚಲಾವಣೆಗೆ ಬಂತು. ಏಳಕ್ಕೆ ಆರರ ಹಳೆಯ ದರವನ್ನೇ ಇಟ್ಟುಕೊಂಡು ಹಾಲಿಯನ್ನು ಮೆಲ್ಲಗೆ ಹಿಂಪಡೆದರು. ದಕ್ಷಿಣ ಅಮೆರಿಕದ ಎಕ್ವಡೋರ್ ದೇಶ 2000ದಲ್ಲಿ ತನ್ನ ಸುಕ್ರೆ ಬಿಟ್ಟು ಡಾಲರಿಗೆ ಹೋದಾಗ 25,000 ಸುಕ್ರೆಗೆ ಒಂದೇ ಡಾಲರ್ ಸಿಕ್ಕಿತು. ಕೂಡಿಟ್ಟವರ ಗಂಟು ಅದಕ್ಕೂ ಮೊದಲೇ ಕರಗಿಹೋಗಿತ್ತು. ನಮ್ಮ ಅಜ್ಜಂದಿರ ಗಂಟು ಹಾಗೆ ಕರಗಲಿಲ್ಲ. ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹೆಸರಿನಲ್ಲಿ ಹಾಲಿಯ ನಿರ್ವಹಣೆಗೆಂದು ಹುಟ್ಟಿದ ಬ್ಯಾಂಕು, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ ಈ ಸೀಮೆಯ ಪೇಟೆಗಳಲ್ಲಿ ಬಾಳಿತು. 2017ರ ಏಪ್ರಿಲ್ 1ರಂದು ಅದೂ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು.

1956ರಲ್ಲಿ ಕುಷ್ಟಗಿ ಮೈಸೂರು ರಾಜ್ಯಕ್ಕೆ ಬಂತು, ಮರುವರ್ಷ ಏಪ್ರಿಲ್‌ನಲ್ಲಿ ನಯಾಪೈಸೆ. ಆಣೆ ಹೋದರೂ ನಾಲ್ಕಾಣೆ, ಎಂಟಾಣೆ ಎಂಬ ಮಾತು ಹೋಗಲಿಲ್ಲ. ದೀಪಾವಳಿಯ ಲಕ್ಷ್ಮಿ ಪೂಜೆಗೆ ತಟ್ಟೆಯಲ್ಲಿಡುವ ಬೆಳ್ಳಿ ನಾಣ್ಯಗಳಲ್ಲಿ ಈಗಲೂ ಒಂದೋ ಎರಡೋ ಚಾರ್‌ಮಿನಾರಿನವು ಸಿಗುತ್ತವೆ. ಅರಿಸಿನ ಕುಂಕುಮ ಮೆತ್ತಿಕೊಂಡ ಆ ಪುಟ್ಟ ಬಾಗಿಲಲ್ಲಿ ‘ಐನ್’ ಇನ್ನೂ ನಿಂತಿರುತ್ತದೆ.